ಮುಳ್ಳು ಹಾಕಿದ ಕಾರು

ದೆವ್ವ ಭೂತಗಳ ಮಾತು ಬಂದರೆ ನಾನು ನಗುವ ಪೈಕಿ. ನಗದೆ ಇನ್ನೇನು ಮಾಡಲಿ? ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ಆಯುಷ್ಯ ಕಳೆದವಳು ನಾನು. ಶವಾಗಾರದ ಪಕ್ಕದ ಕೋಣೆಯಲ್ಲಿ ಕೂತು ಬುತ್ತಿ ಬಿಚ್ಚಿ ಉಂಡಿದ್ದೇನೆ. ಪ್ರಾಣ ಹೋದವರ ಕಣ್ಣು ಮುಚ್ಚಿ, ಗದ್ದ ಕಟ್ಟಿ, ಕೈ ತೊಳೆದುಕೊಂಡು ಬಂದು ಪಕ್ಕದ ಹಾಸಿಗೆಯ ರೋಗಿಗೆ ಮಾತ್ರೆ ಕೊಟ್ಟಿದ್ದೇನೆ. ಸತ್ತವರು ಎದ್ದು ಬರುವುದೇ ಆಗಿದ್ದರೆ ಮೊದಲು ನನ್ನ ಹತ್ತಿರವೇ ಬರಬೇಕಿತ್ತು, ಅವರಿಗೆ ಕೊನೆಯ ಸೂಜಿ ಚುಚ್ಚಿದವಳು ನಾನೇ ಅಲ್ಲವೆ ಎಂದು ಹೇಳಿ ಜೊತೆಯವರನ್ನು ನಗಿಸುತ್ತಿದ್ದೆ.

ಈಗ ಹೇಳಲು ಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ಇಂಥ ಕಥೆಗಳೆಲ್ಲ ಸಾಮಾನ್ಯವಾಗಿ ಅಮಾವಾಸ್ಯೆಯ ರಾತ್ರಿಯಲ್ಲಿ ನಡೆಯುತ್ತವೆ. ನನ್ನದು ನಡೆದದ್ದು ಕೆಲವು ವರ್ಷಗಳ ಹಿಂದೆ, ಉರಿಬಿಸಿಲಿನಲ್ಲಿ, ಹೊಟ್ಟೆ ತುಂಬ ಮುದ್ದೆ ಉಂಡ ಮೇಲೆ. ಅದನ್ನು ನಡೆದ ಹಾಗೆಯೇ ಹೇಳುತ್ತೇನೆ. ಅರ್ಥ ಮಾತ್ರ ಕೇಳಬೇಡಿ, ನನಗೂ ಗೊತ್ತಿಲ್ಲ.

ಮೊದಲು ಕಾರಿನ ವಿಷಯ. ನನ್ನ ಸೋದರಮಾವನ ಹತ್ತಿರ ಒಂದು ಹಳೆಯ ಲ್ಯಾಂಡ್‌ಮಾಸ್ಟರ್ ಇತ್ತು. ಅಂಬಾಸಿಡರ್ ಬರುವುದಕ್ಕೂ ಮೊದಲಿನ ಕಾರು ಅದು, ಈಗಿನವರು ಹೆಸರೂ ಕೇಳಿರಲಿಕ್ಕಿಲ್ಲ. ಗುಂಡನೆಯ ಬಾನೆಟ್ಟು, ಬೂದಿ ಬಣ್ಣ, ಮುಂದಿನ ಸೀಟು ಮಂಚದ ಹಾಗೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಉದ್ದ. ಮಾವ ಅದನ್ನು ಯಾರಿಂದಲೋ ಕೊಂಡು ಹೊಳಲ್ಕೆರೆಯಲ್ಲಿ ಟ್ಯಾಕ್ಸಿ ಮಾಡಿಕೊಂಡಿದ್ದ. ಸುತ್ತಲ ಹಳ್ಳಿಯವರಿಗೆ ಅಷ್ಟುದ್ದದ ಇಂಗ್ಲಿಷ್ ಹೆಸರು ನಾಲಿಗೆಗೆ ಹತ್ತದೆ ಕಾರನ್ನು ‘ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು, ಮದುಮಕ್ಕಳು, ಎಲ್ಲರೂ ಮೇಷ್ಟ್ರ ದಾರಿ ಕಾಯುತ್ತಿದ್ದರು.

ನನಗೆ ಆ ಕಾರಿನ ಮೇಲೆ ಬೇರೆಯದೇ ಒಂದು ಅಭಿಮಾನ. ನರ್ಸಿಂಗ್ ತರಬೇತಿಗೆ ಚಿತ್ರದುರ್ಗದಿಂದ ಸಂದರ್ಶನದ ಕರೆ ಬಂದಾಗ ಅಪ್ಪ ಮನೆಯಲ್ಲಿ ಕೂಗಾಡಿಬಿಟ್ಟರು. ‘ಕಂಡೋರ ಹೇಲು ಉಚ್ಚೆ ಬಳಿಯೋ ಕೆಲ್ಸಕ್ಕೆ ನನ್ ಮಗಳನ್ನ ಕಳಿಸಲ್ಲ’ ಎಂದರು. ಅಮ್ಮ ಒಲೆಯ ಮುಂದೆ ಅಳುತ್ತ ಕೂತಳು. ಮಾವ ಯಾರ ಜೊತೆಗೂ ವಾದ ಮಾಡಲಿಲ್ಲ. ಬೆಳಗ್ಗೆ ಕಾರು ತಂದು ಬಾಗಿಲ ಮುಂದೆ ನಿಲ್ಲಿಸಿ, ‘ಬಾರೇ, ಹೋಗಾಣ’ ಎಂದ. ಅಕ್ಕನ ಮಗಳನ್ನು ಸೋದರಮಾವ ಕರೆದರೆ ಅಪ್ಪನಾದರೂ ತಡೆಯುವ ಹಾಗಿಲ್ಲವಲ್ಲ. ನಾನು ಮುಂದಿನ ಸೀಟಿನಲ್ಲಿ ಮಾವನ ಎಡಕ್ಕೆ ಕೂತೆ. ‘ಬಾಗ್ಲು ಜೋರಾಗಿ ಎಳ್ಕ, ಇಲ್ದಿದ್ರೆ ತಿರುವಿನಾಗೆ ಉದುರೋಗ್ತೀಯ’ ಎಂದ. ನಾನು ಆ ಬಾಗಿಲು ಎಳೆದುಕೊಂಡ ಸದ್ದಿನಿಂದಲೇ ನನ್ನ ಬದುಕು ಶುರುವಾಯಿತು ಎಂದು ಈಗಲೂ ನಂಬಿದ್ದೇನೆ. ಬೇರೆ ದಾರಿಯಲ್ಲಿ ಹೋಗಿದ್ದರೆ ನಾನು ಏನಾಗುತ್ತಿದ್ದೆನೋ, ನೆನೆಸಿಕೊಳ್ಳಲೂ ಇಷ್ಟವಿಲ್ಲ.

ಮಾವ ತೀರಿಕೊಂಡಾಗ ನಾನು ರಾಯಚೂರು ಕಡೆ ಕೆಲಸದಲ್ಲಿದ್ದೆ. ಸುದ್ದಿ ಮುಟ್ಟಿ, ರಜೆ ಸಿಕ್ಕಿ ನಾನು ಬರುವಷ್ಟರಲ್ಲಿ ತಿಥಿಯ ದಿನವೇ ಬಂದಿತ್ತು. ಅತ್ತೆ, ಅಂದರೆ ಮಾವನ ಹೆಂಡತಿ, ನನ್ನನ್ನು ತಬ್ಬಿಕೊಂಡು ಅತ್ತು, ‘ಜಗಲಿ ಮ್ಯಾಲೆ ಮಲಗಿದ್ದಲ್ಲೇ ಹೋದ್ರು ಕಣೇ’ ಎಂದರು. ನನಗೆ ಸಮಾಧಾನವೇ ಆಯಿತು. ನಿದ್ದೆಯ ಸಾವು ಎಂಥ ಪುಣ್ಯದ ಸಾವು ಎಂಬುದು ನಮ್ಮಂಥವರಿಗೆ ಚೆನ್ನಾಗಿ ಗೊತ್ತು. ಕಾರು ಎಲ್ಲಿ ಎಂದು ಕೇಳಿದೆ. ‘ಗುಜರಿಗೆ ಹೋತು’ ಎಂದರು. ಕಾರಿಗಾಗಿ ಅಂದು ಒಂದಿಷ್ಟು ಹೆಚ್ಚಾಗಿಯೇ ಅತ್ತಿದ್ದೆ ಎನಿಸುತ್ತದೆ. ಆಮೇಲೆ ಮದುವೆ, ನಾಮಕರಣ ಎಂದು ಆ ಮನೆಗೆ ಹೋಗಿ ಬಂದೆನಾದರೂ ಅಂಗಳದ ಚಪ್ಪರದಲ್ಲಿ ಊಟ ಮಾಡಿ ಬಸ್ಸು ಹಿಡಿಯುವುದೇ ಆಗುತ್ತಿತ್ತು.

ನಿವೃತ್ತಿಯಾದ ಮೇಲೆ ಚಿತ್ರದುರ್ಗದಲ್ಲಿ ನೆಲೆಸಿದೆ. ಮಾವನ ಮನೆ ರಾಮಗಿರಿ ಹತ್ತಿರ, ತೆಂಗಿನ ತೋಟದೊಳಗೆ. ಅತ್ತೆಗೆ ಎಂಬತ್ತರ ಮೇಲಾಗಿದೆ, ಬಿಪಿ ಇದೆ, ಕಿವಿ ಮಂದ, ಮಂಡಿನೋವಿನಿಂದ ಗೋಡೆ ಹಿಡಿಯದೆ ನಡೆಯಲಾರರು. ಮಗ ಮಂಜ ಒಳ್ಳೆಯವನು. ನಾನು ಅವನ ಸೋದರತ್ತೆಯ ಮಗಳಾದ್ದರಿಂದ ನನ್ನನ್ನು ಅತ್ತಿಗೆ ಎನ್ನುತ್ತಾನೆ. ಒಂದು ದಿನ ಫೋನ್ ಮಾಡಿ, ‘ಅತ್ತಿಗೆ, ನಾನು ಕೊಬ್ಬರಿ ಮಂಡಿಗೆ ಹಾಕಾಕೆ ಹೊಸದುರ್ಗಕ್ಕೆ ಹೋಗ್ಬೇಕು, ಇವಳು ತುರುವನೂರಿಗೆ ತವರಿಗೆ ಹೋಗ್ಯವಳೆ. ಅವ್ವನ ಜೊತೆ ಒಂದಿನ ಇರ್ತೀರಾ?’ ಎಂದ. ಸಂತೋಷವಾಗಿಯೇ ಹೊರಟೆ.

ಮಧ್ಯಾಹ್ನ ಅತ್ತೆಗೆ ಮುದ್ದೆ, ಹುರುಳಿಕಾಳು ಸಾರು ಬಡಿಸಿ, ಬಿಪಿ ನೋಡಿ ಮಾತ್ರೆ ಕೊಟ್ಟು ಮಲಗಿಸಿದೆ. ಮಗಳಿಗೆ ಫೋನ್ ಮಾಡೋಣವೆಂದರೆ ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಮೊಬೈಲನ್ನು ಆರತಿ ತಟ್ಟೆಯ ಹಾಗೆ ಮೇಲೆತ್ತಿ ಹಿಡಿದುಕೊಂಡು ಹಿತ್ತಲಿಗೆ ಬಂದೆ. ಹಾಗೆಯೇ ನಡೆಯುತ್ತ ತೋಟದ ಮೂಲೆಯವರೆಗೂ ಹೋದೆ. ಅಲ್ಲಿ ನಾಲ್ಕು ಕಲ್ಲುಕಂಬದ ಮೇಲೆ ತಗಡು ಹೊದಿಸಿದ ಮಾಡು. ಸುತ್ತ ಒಣಗಿದ ಸೋಗೆ ಒಟ್ಟಿದ್ದರು, ಅದರ ಮುಂದೆ ಜಾಲಿ ಮುಳ್ಳಿನ ಕೊಂಬೆಗಳು. ಮುಳ್ಳು ಕಂಡರೆ ನಮ್ಮ ಕಡೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಕುರಿ ಮೇಕೆ ಬಾಯಿ ಹಾಕದಿರಲಿ ಎಂದು ಬಣವೆಗೂ ಹಾಕುತ್ತಾರೆ, ಸಸಿಗೂ ಹಾಕುತ್ತಾರೆ. ಸೋಗೆಯ ಸಂದಿಯಲ್ಲಿ ಏನೋ ಗುಂಡಗೆ, ಬೂದಿ ಬಣ್ಣದ್ದು ಕಂಡಿತು.

ಸುಳ್ಳೇಕೆ, ಹುಡುಗಿಯ ಹಾಗೆ ‘ಮೇಷ್ಟ್ರು!’ ಎಂದು ಕೂಗಿಯೇಬಿಟ್ಟೆ. ಗುಜರಿಗೆ ಹೋಯಿತು ಎಂದು ನಾನು ಅತ್ತು ಬಿಟ್ಟಿದ್ದ ಕಾರು, ಟೈರು ಮಣ್ಣಿನಲ್ಲಿ ಹೂತು, ಮೈಮೇಲೆ ಧೂಳು ಹೊದ್ದು, ಇಲ್ಲಿ ನಿಂತಿದೆ! ನನಗೆ ಯಾಕೆ ಸುಳ್ಳು ಹೇಳಿದರು ಎಂದು ಆ ಕ್ಷಣ ಹೊಳೆಯಲೇ ಇಲ್ಲ. ಒಂದು ಕೋಲು ತೆಗೆದುಕೊಂಡು ಎಡಗಡೆಯ ಮುಳ್ಳನ್ನು ಪಕ್ಕಕ್ಕೆ ಸರಿಸಿದೆ. ಸೋಗೆ ಎಳೆದೆ. ಮುಂದಿನ ಎಡ ಬಾಗಿಲಿನ ಹಿಡಿಯನ್ನು ತಿರುವಿದರೆ ಕಿರ್ರೆಂದು ತೆಗೆದುಕೊಂಡಿತು.

ಒಳಗೆ ಇಲಿಯ ಹಿಕ್ಕೆ, ಜೇಡರ ಬಲೆ, ಸೀಟಿನಿಂದ ಹೊರಬಂದ ನಾರು. ಬುದ್ಧಿ ಇರುವವರು ಅಷ್ಟಕ್ಕೇ ಹಿಂದೆ ಸರಿಯುತ್ತಿದ್ದರು. ನಾನು ಸೆರಗಿನಿಂದ ಸೀಟು ಒರೆಸಿ, ಅಂದು ಕೂತ ಜಾಗದಲ್ಲೇ ಕೂತೆ. ಕೂತವಳು ಹಳೆಯ ಅಭ್ಯಾಸದಂತೆ ಬಾಗಿಲನ್ನು ಜೋರಾಗಿ ಎಳೆದುಕೊಂಡೆ. ಅದೇ ಸದ್ದು. ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತು ಹಾಗೆಯೇ ಕೂತು ಮಾವನನ್ನು ನೆನೆದೆ.

ಸೆಕೆಯಾಯಿತು, ಇಳಿಯೋಣವೆಂದು ಒಳಗಿನ ಹಿಡಿಯನ್ನು ತಿರುವಿದೆ. ಅದು ಬೊಂಬೆಯ ಕೈಯ ಹಾಗೆ ಸುಮ್ಮನೆ ಸುತ್ತಿತು. ಮತ್ತೆ ತಿರುವಿದೆ, ಕಿತ್ತು ಕೈಗೇ ಬಂತು. ಮೊದಲು ನಗು ಬಂತು. ಅರವತ್ತು ದಾಟಿದ ಮುದುಕಿ, ಮೊಮ್ಮಕ್ಕಳ ಹಾಗೆ ಕಾರಾಟ ಆಡಲು ಹೋಗಿ ಸಿಕ್ಕಿಹಾಕಿಕೊಂಡಿದ್ದಾಳೆ! ಭುಜ ಕೊಟ್ಟು ತಳ್ಳಿದೆ. ಬಾಗಿಲು ಅಲುಗಲಿಲ್ಲ. ಗಾಜು ಇಳಿಸುವ ಹಿಡಿ ತುಕ್ಕು ಹಿಡಿದು ಕಲ್ಲಾಗಿತ್ತು. ಹಿಂದಕ್ಕೆ ಬಗ್ಗಿ ಹಿಂಬಾಗಿಲುಗಳನ್ನು ಎಳೆದಾಡಿದೆ, ಅವೂ ಅಷ್ಟೇ. ಫೋನ್ ಕೈಯಲ್ಲೇ ಇತ್ತು. ಆದರೆ ನೆಟ್‌ವರ್ಕ್ ಇಲ್ಲದ್ದಕ್ಕೇ ಅಲ್ಲವೆ ನಾನು ಇಲ್ಲಿಗೆ ಬಂದದ್ದು? ತಗಡಿನ ಕೆಳಗೆ ಅದು ಇನ್ನೂ ಸತ್ತುಬಿದ್ದಿತ್ತು.

‘ಅತ್ತೇ!’ ಎಂದು ಕೂಗಿದೆ. ಪಕ್ಕದಲ್ಲಿ ಕೂತು ಕೂಗಿದರೂ ‘ಆಂ?’ ಎನ್ನುವವರಿಗೆ ಈ ಮೂಲೆಯಿಂದ, ಮುಚ್ಚಿದ ಗಾಜಿನೊಳಗಿನಿಂದ ಕೇಳುವುದುಂಟೇ? ಕಿತ್ತು ಬಂದ ಹಿಡಿಯಿಂದ ಗಾಜಿಗೆ ಹೊಡೆದೆ. ಹಳೆಯ ಕಾಲದ ಗಾಜು, ಗೀಚು ಬಿತ್ತೇ ಹೊರತು ಒಡೆಯಲಿಲ್ಲ. ಒದ್ದು ನೋಡಿದೆ. ಚಪ್ಪಲಿ ಹರಿಯಿತು, ಸೊಂಟ ಹಿಡಿದುಕೊಂಡಿತು. ಮಂಜ ಬರುವುದು ಸಂಜೆಗೆ. ಅಷ್ಟರವರೆಗೆ ಈ ಡಬ್ಬಿಯೊಳಗೆ ನಾನು ಉಳಿಯುತ್ತೇನೆಯೇ ಎಂದು ಮೊದಲ ಸಲ ಯೋಚಿಸಿದೆ. ಬಿಸಿಲಿಗೆ ಕಾಯ್ದ ತಗಡು ತಲೆಯ ಮೇಲೆ ಟಕ್ ಟಕ್ ಎನ್ನುತ್ತಿತ್ತು.

ಹೆದರಿಕೆಯನ್ನು ಹೇಗೆ ಸಂಭಾಳಿಸಬೇಕೆಂದು ನೂರಾರು ರೋಗಿಗಳಿಗೆ ಹೇಳಿಕೊಟ್ಟವಳು ನಾನು. ನಿಧಾನಕ್ಕೆ ಉಸಿರೆಳೆಯಿರಿ, ನಿಧಾನಕ್ಕೆ ಬಿಡಿ. ಈಗ ಗೊತ್ತಾಯಿತು, ಆ ಮಾತು ಹೇಳುವವರಿಗೆ ಮಾತ್ರ ಸುಲಭ. ಎಳೆದುಕೊಳ್ಳಲು ಗಾಳಿಯೇ ಇಲ್ಲ. ಮೈಯೆಲ್ಲ ಬೆವರು, ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಧೂಳು ಮೆತ್ತಿದ ಗಾಜಿನ ಆಚೆ ಸೋಗೆ ಬಿಟ್ಟರೆ ಏನೂ ಕಾಣದು. ನನ್ನ ಮಗಳು ನೆನಪಾದಳು. ಮಗಳಿಗೆ ಹೇಳುವುದಕ್ಕೂ ಮುಜುಗರವಾಗುವಂಥ ಸಾವು ಇದು ಎಂದು ಅಳು ಬಂತು.

ಇನ್ನು ಉಳಿದದ್ದು ಮಾವನ ಕಡೆಯ ಬಾಗಿಲು, ಸ್ಟಿಯರಿಂಗ್ ಇರುವ ಬಲಗಡೆಯದು. ಅದೊಂದನ್ನು ನಾನು ನೋಡಿರಲಿಲ್ಲ. ಇಲ್ಲಿಂದ ಮುಂದಿನದನ್ನು ಬರೆಯುವುದು ಕಷ್ಟ.

ಸೀಟು ಒಂದೇ ಉದ್ದ ಎಂದೆನಲ್ಲ. ನಡುವೆ ಅಡ್ಡಿ ಏನೂ ಇರಲಿಲ್ಲ. ಸುಮ್ಮನೆ ಬಲಕ್ಕೆ ಸರಿದರೆ ಆ ಬಾಗಿಲು ಕೈಗೆ ಸಿಗುತ್ತಿತ್ತು. ಆದರೆ ನಾನು ಸರಿಯಲಿಲ್ಲ. ಸರಿಯಬೇಕು ಎಂದುಕೊಳ್ಳುತ್ತೇನೆ, ಮೈ ಏಳುವುದಿಲ್ಲ. ಯಾರೋ ಹಿಡಿದರು, ತಳ್ಳಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ಒಬ್ಬರು ಕೂತಿರುವಾಗ ನಾವು ಅವರ ಮೇಲೆ ಹಾಯ್ದು ಕಿಟಕಿಗೆ ಹೋಗುತ್ತೇವೆಯೇ? ಅಷ್ಟೇ. ಆಗ ನನ್ನ ಕೈ ನೋಡಿಕೊಂಡೆ. ಬಲಗಡೆಯ ಸೆರಗನ್ನು ಎಳೆದು ಒತ್ತರಿಸಿ ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದೆ. ಮೊಣಕಾಲನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡು ಕೂತಿದ್ದೆ. ಪಕ್ಕದವರಿಗೆ ಜಾಗ ಬಿಟ್ಟು ಕೂರುವ ಹೆಂಗಸಿನ ಹಾಗೆ. ಯಾವಾಗ ಹಾಗೆ ಮಾಡಿಕೊಂಡೆನೋ ನನಗೆ ತಿಳಿಯದು.

ತಿರುಗಿ ನೋಡಿದೆ. ಏನೂ ಇರಲಿಲ್ಲ. ಖಾಲಿ ಸೀಟು, ಅದರ ಮುಂದೆ ಸ್ಟಿಯರಿಂಗು. ಏನೂ ಇಲ್ಲದ್ದನ್ನು ನೋಡಿ ನಾನು ಅಷ್ಟು ಹೆದರಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಆಮೇಲೆ ನೋವು ಬಂತು. ಎದೆಯ ನಡುವೆ ಒನಕೆ ಇಟ್ಟು ಒತ್ತಿದ ಹಾಗೆ. ದವಡೆಗೆ ಏರಿತು, ಎಡಗೈಗೆ ಇಳಿಯಿತು, ಬೆರಳುಗಳು ಜೋಮು ಹಿಡಿದವು. ಈ ನೋವು ನನಗೆ ಅಪರಿಚಿತವಲ್ಲ. ಎಷ್ಟೋ ಜನರ ಮುಖದ ಮೇಲೆ ಅದನ್ನು ನೋಡಿ, ಡಾಕ್ಟರು ಬರುವ ಮುಂಚೆಯೇ ಹೆಸರು ಹೇಳಿದ್ದೇನೆ. ಮುಗಿಯಿತು, ನನಗೆ ಹಾರ್ಟ್ ಅಟ್ಯಾಕ್ ಆಗುತ್ತಿದೆ ಎಂದುಕೊಂಡೆ. ಅದು ಬೇಗ ಮುಗಿಯುತ್ತದೆ ಎಂದು ಮನೆಯವರಿಗೆ ನಾವು ಹೇಳುತ್ತೇವೆ. ಬೇಗ ಮುಗಿಯುವುದಿಲ್ಲ. ಬಾಗಿಲು ಅಲ್ಲೇ ಇದೆ, ಮನೆ ಕೂಗಳತೆಯಲ್ಲಿದೆ, ಆದರೆ ಕೈ ಏಳುವುದಿಲ್ಲ. ಯಾರಾದರೂ ಬರಲಿ, ಯಾರಾದರೂ ಬರಲಿ ಎಂದು ಒಂದೇ ಹಂಬಲ. ಆ ಹಂಬಲ ಎಷ್ಟು ದೊಡ್ಡದಾಗಿತ್ತೆಂದರೆ ಅದು ಪೂರಾ ನನ್ನೊಬ್ಬಳದೇ ಎಂದು ನನಗೆ ಅನಿಸಲಿಲ್ಲ.

ಹೊರಗೆ ಸೋಗೆ ಸರಬರ ಎಂದಿತು. ‘ಬಂದೆ ಇರ್ರೀ! ಇದೋ ಬಂದೆ! ಬಂದೇಬಿಟ್ಟೆ ಕಣ್ರೀ!’ ಎಂಬ ಕೂಗು. ಅತ್ತೆಯ ದನಿ. ನಾನು ಮುಳ್ಳು ಸರಿಸಿದ್ದ ಎಡಗಡೆಗೆ ಅವರು ಬರಲಿಲ್ಲ. ಬಲಗಡೆಯ ಮುಳ್ಳಿನ ಒಟ್ಟಿಲನ್ನು ಬರಿಗೈಯಲ್ಲಿ ಬಾಚಿ ಎಳೆದು, ಬರಿಗಾಲಲ್ಲಿ ತುಳಿದುಕೊಂಡು ಬಂದರು. ಗೋಡೆ ಹಿಡಿಯದೆ ನಡೆಯಲಾರದವರು. ಹೊರಗಿನ ಹಿಡಿ ತಿರುವಿ ಡ್ರೈವರ್ ಕಡೆಯ ಬಾಗಿಲನ್ನು ತೆಗೆದರು. ತಂಗಾಳಿ ನುಗ್ಗಿತು. ಅತ್ತೆ ನನ್ನನ್ನು ನೋಡಲಿಲ್ಲ. ಮುಖದ ತುಂಬ ಆಸೆ ಹೊತ್ತು, ಏದುಸಿರು ಬಿಡುತ್ತ, ಖಾಲಿ ಡ್ರೈವರ್ ಸೀಟನ್ನೇ ನೋಡುತ್ತ ನಿಂತರು. ಎಷ್ಟೋ ಹೊತ್ತಿನ ಮೇಲೆ ಕಣ್ಣು ನನ್ನ ಕಡೆ ಸರಿಯಿತು.

‘ನೀನಾ?’ ಎಂದರು. ಅವರ ಮುಖ ಬಾಡಿದ್ದನ್ನು ನಾನು ಮರೆಯಲಾರೆ.

ಗಾಳಿ ತಾಕುತ್ತಿದ್ದ ಹಾಗೆ ಎದೆನೋವು ಎಲ್ಲಿಗೆ ಹೋಯಿತೋ ಹೋಯಿತು. ಆ ಸೀಟಿನ ಮೇಲೆ ಜಾರಿಕೊಂಡೇ ಹೊರಗೆ ಬಂದೆ, ಈಗ ಯಾವ ತಡೆಯೂ ಇರಲಿಲ್ಲ. ಮಣ್ಣಿನಲ್ಲಿ ಕುಸಿದು ಕೂತು, ‘ಹೆಂಗೆ ಗೊತ್ತಾತು ಅತ್ತೆ, ನಾನಿಲ್ಲಿರೋದು?’ ಎಂದೆ. ಅತ್ತೆ ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ‘ಅಷ್ಟೊತ್ತಿಂದ ಹಾರನ್ ಹೊಡೀತಿದ್ಯಲ್ಲೇ’ ಎಂದರು.

ನಾನು ಹಾರನ್ ಮುಟ್ಟಿರಲಿಲ್ಲ. ಅದು ಸ್ಟಿಯರಿಂಗ್ ಹತ್ತಿರ ಇತ್ತು, ನಾನು ಆ ಕಡೆಗೆ ಕೈ ಚಾಚಲೂ ಇಲ್ಲ. ನನ್ನ ಕಿವಿಗೆ ಯಾವ ಹಾರನ್ನೂ ಕೇಳಿಸಿರಲಿಲ್ಲ. ಮುದುಕಿಗೆ ಭ್ರಮೆ ಎಂದುಕೊಂಡು ಅವರ ರಟ್ಟೆ ಹಿಡಿದು ಮನೆ ಕಡೆ ನಡೆಸಿದೆ. ಬೇಲಿಯಾಚೆ ಕುರಿ ಮೇಯಿಸುತ್ತಿದ್ದ ಚಿಕ್ಕಣ್ಣ, ಪಕ್ಕದ ಹಟ್ಟಿಯವನು, ನಮ್ಮನ್ನು ಕಂಡು ಕೂಗಿದ. ‘ಏನಮ್ಮಾ, ಯಾರ ಕಾರು ಬಂದೈತೆ? ಒಂದೇ ಸಮ ಹಾರನ್ ಹೊಡುದ್ರಲ್ಲ, ಮರಿ ಎಲ್ಲಾ ಬೆದರಿ ಚೆಲ್ಲಾಪಿಲ್ಲಿ ಆಗ್ಯವೆ.’

ಸಂಜೆ ಮಂಜ ಬಂದ. ವಿಷಯ ಕೇಳಿ ಟಾರ್ಚು ಹಿಡಿದುಕೊಂಡು ಹಿತ್ತಲಿಗೆ ಓಡಿದ, ನಾನೂ ಹಿಂದೆಯೇ ಹೋದೆ. ಬಾನೆಟ್ಟು ಎತ್ತಿದ. ಬ್ಯಾಟರಿ ಇರುವ ಜಾಗ ಖಾಲಿ. ವೈರುಗಳನ್ನು ಇಲಿ ತಿಂದು ಮುಗಿಸಿದ್ದವು. ‘ಬ್ಯಾಟ್ರಿನ ನಾನೇ ಕಿತ್ತು ಟ್ರ್ಯಾಕ್ಟರಿಗೆ ಹಾಕ್ದೆ, ಅಪ್ಪ ಹೋದ ವರ್ಷನೇ. ಇದ್ರಾಗೆ ಹಾರನ್ ಹೆಂಗೆ ಹೊಡಿತೈತೆ ಅತ್ತಿಗೆ?’ ಎಂದ. ಆಗಲೇ ಅವನು, ಬಾಯಿ ತಪ್ಪಿದವನ ಹಾಗೆ, ‘ಅಪ್ಪ ಹೋಗಿದ್ದು ಇದ್ರಾಗೇ, ಎದೆನೋವು ಬಂದು’ ಎಂದುಬಿಟ್ಟ.

ನಮ್ಮ ಕಡೆಯವರಿಗೆ ಇದು ಗೊತ್ತು, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಪಂಚಕದಲ್ಲಿ, ಅಂದರೆ ಕೆಟ್ಟ ನಕ್ಷತ್ರದಲ್ಲಿ, ಯಾರಾದರೂ ತೀರಿಕೊಂಡರೆ ಪ್ರಾಣ ಹೋದ ಮನೆಯನ್ನು ಕೆಲವು ತಿಂಗಳು ಬಿಡಬೇಕು. ಬೀಗ ಹಾಕಿ, ಬಾಗಿಲಿಗೆ ಮುಳ್ಳು ಹಾಕಿ, ಬೇರೆ ಕಡೆ ಹೋಗಿ ಇರುತ್ತಾರೆ. ಗಡುವು ಮುಗಿದ ಮೇಲೆ ಪೂಜೆ ಮಾಡಿಸಿ ಮುಳ್ಳು ತೆಗೆದು ಒಳಗೆ ಬರುತ್ತಾರೆ. ಮಾವ ಹೋದದ್ದು ಅಂಥ ನಕ್ಷತ್ರದಲ್ಲಿ. ಆದರೆ ತೋಟ, ದನ, ಕೊಬ್ಬರಿ ಎಲ್ಲ ಬಿಟ್ಟು ಎಲ್ಲಿಗೆ ಹೋಗುವುದು? ಊರ ಹಿರಿಯರು ಕೂತು ಯೋಚಿಸಿ ದಾರಿ ಹುಡುಕಿದರಂತೆ. ಜೀವ ಹೋದದ್ದು ಮನೆಯಲ್ಲಲ್ಲ, ಕಾರಿನಲ್ಲಿ. ಹಾಗಿದ್ದ ಮೇಲೆ ಮನೆ ಯಾಕೆ ಬಿಡಬೇಕು, ಕಾರು ಬಿಟ್ಟರಾಯಿತು. ಎಲ್ಲರಿಗೂ ಒಪ್ಪಿಗೆಯಾಯಿತು. ನಿಂತಲ್ಲೇ ಕಾರಿನ ಬಾಗಿಲು ಮುಚ್ಚಿ ಸುತ್ತ ಮುಳ್ಳು ಹಾಕಿದರು. ಬಿಟ್ಟದ್ದರ ಹೆಸರು ಎತ್ತಬಾರದು ಎಂದು ನನ್ನಂಥವರಿಗೆ ಗುಜರಿಯ ಕಥೆ ಹೇಳಿದರು. ಮನೆಯಾಗಿದ್ದರೆ ಗಡುವು ಮುಗಿದ ಕೂಡಲೇ ಬಾಗಿಲು ತೆಗೆಯಲೇಬೇಕಿತ್ತು, ಜನ ಬಾಳಬೇಕಲ್ಲ. ಓಡದ ಕಾರಿಗೆ ಯಾರು ಅವಸರ ಮಾಡುತ್ತಾರೆ? ಇವತ್ತು ನಾಳೆ ಎಂದು ಹಾಗೆಯೇ ಉಳಿಯಿತು. ‘ತೆಗಿಯಾಣ ಅಂದ್ರೂ ಅವ್ವ ಅಳುತ್ತೆ, ಗುಜರಿಗೆ ಹಾಕಾಣ ಅಂದ್ರೂ ಅಳುತ್ತೆ. ತಗಡು ಹೊದಿಸಿ ಸುಮ್ನಾದೆ’ ಎಂದ ಮಂಜ.

ದೀಪ ಹಚ್ಚಿದ ಮೇಲೆ ಅತ್ತೆಯ ಕೈಕಾಲಿನ ಮುಳ್ಳು ತೆಗೆಯಲು ಕೂತೆ. ಅಂಗೈಯಲ್ಲಿ, ಬೆರಳ ಸಂದಿಯಲ್ಲಿ, ಹಿಮ್ಮಡಿಯಲ್ಲಿ ಜಾಲಿ ಮುಳ್ಳು ಮುರಿದುಕೊಂಡಿತ್ತು. ಒಂದೊಂದನ್ನೇ ಸೂಜಿಯಿಂದ ಬಿಡಿಸುತ್ತಿದ್ದೆ. ಅತ್ತೆ ಒಂದು ಸಲವೂ ‘ಹಾ’ ಎನ್ನಲಿಲ್ಲ. ನಡುವೆ ತಾವಾಗಿಯೇ ಶುರುಮಾಡಿದರು.

‘ನಿಮ್ಮಾವ ಜಗಲಿ ಮ್ಯಾಲೆ ಹೋಗ್ಲಿಲ್ಲ ಕಣೇ. ಗಾಡಿ ಓಡ್ಸೋದು ಬಿಟ್ಟ ಮ್ಯಾಲೂ ದಿನಾ ಮಧ್ಯಾಹ್ನ ಹೋಗಿ ಅದ್ರಾಗೆ ಕುಂತ್ಕಳೋರು. ಕಾಫಿ ಬೇಕು ಅಂದ್ರೆ ಹಾರನ್ ಹೊಡೆಯೋರು. ನಾನೇನು ಹೋಟ್ಲು ಮಾಣಿನಾ ಅಂತ ಬೈತಿದ್ದೆ, ನಗೋರು. ಅವತ್ತು ಉದ್ದಕ್ಕೆ ಹೊಡುದ್ರು. ಬಿಡ್ಲೇ ಇಲ್ಲ. ಏನು ಅವಸರ ಈ ಮನ್ಷಂಗೆ ಅಂತ ನಂಗೆ ಸಿಟ್ಟು ಬಂತು. ಹೊಡ್ಕಳ್ಲಿ ಅಂತ ಬೇಕಂತ್ಲೇ ನಿಧಾನಕ್ಕೆ ಒಲೆ ಹಚ್ದೆ, ಬೆಲ್ಲ ಕುಟ್ದೆ. ಆಮ್ಯಾಲೆ ಹಾರನ್ ನಿಲ್ತು. ಸದ್ಯ, ಬುದ್ಧಿ ಬಂತು ಅನ್ಕಂಡೆ ಕಣೇ. ಬುದ್ಧಿ ಬಂತು ಅನ್ಕಂಡೆ.’

ನನ್ನ ಕೈಯ ಸೂಜಿ ನಿಂತಿತು. ಅತ್ತೆ ಕೇಳಿದರು, ‘ನಿಜ ಹೇಳು. ಇವತ್ತು ಹಾರನ್ ನೀನು ಒತ್ತಿದ್ಯಾ?’

‘ಇಲ್ಲ ಅತ್ತೆ’ ಎಂದೆ. ಹೌದು ಎನ್ನಬಹುದಿತ್ತೇನೋ. ಅಂಗೈಯನ್ನು ನನ್ನ ಕೈಯಲ್ಲಿಟ್ಟ ಮುದುಕಿಗೆ ಸುಳ್ಳು ಹೇಳಲಾಗಲಿಲ್ಲ.

ಅತ್ತೆ ಇನ್ನೊಂದು ಅಂಗೈಯನ್ನು ಮುಂದೆ ಚಾಚಿದರು. ಆಮೇಲೆ, ‘ಅವತ್ತು ಮೊದ್ಲು ಹೊಡೆದಾಗ್ಲೇ ಹೋಗಿದ್ರೆ ಉಳೀತಿದ್ರಾ?’ ಎಂದರು. ಈ ಪ್ರಶ್ನೆಯನ್ನು ಆಸ್ಪತ್ರೆಯ ಪಡಸಾಲೆಗಳಲ್ಲಿ ಎಷ್ಟು ಹೆಂಡಂದಿರು, ಎಷ್ಟು ಮಕ್ಕಳು ನನ್ನನ್ನು ಕೇಳಿಲ್ಲ! ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿದೆ. ‘ಇಲ್ಲ ಅತ್ತೆ, ಉಳೀತಿರಲಿಲ್ಲ. ಯಾರು ಹೋಗಿದ್ರೂ ಅಷ್ಟೇ’ ಎಂದೆ.

‘ಉಳೀಲಿ ಅಂತಲ್ಲ ಕಣೇ’ ಎಂದರು ಅತ್ತೆ. ‘ಒಬ್ರೇ ಇದ್ರಲ್ಲ ಅಂತ.’

ಮರುದಿನವೇ ಚಿತ್ರದುರ್ಗಕ್ಕೆ ಬಂದು ಇಸಿಜಿ ಮಾಡಿಸಿದೆ, ರಕ್ತ ಪರೀಕ್ಷೆ ಮಾಡಿಸಿದೆ. ಹೃದಯಕ್ಕೆ ಏನೂ ಆಗಿಲ್ಲ, ಈ ವಯಸ್ಸಿಗೆ ಕಲ್ಲಿನಂತಿದೆ ಎಂದರು ಡಾಕ್ಟರು. ಬಿಸಿಲಿಗೆ, ಭಯಕ್ಕೆ ಎದೆ ಹಿಡಿದ ಹಾಗಾಗಿರಬಹುದು ಎಂದರು. ಇರಬಹುದು. ಆದರೆ ಮಾವ ಹೇಗೆ ಹೋದ ಎಂದು ಕಾರಿನೊಳಗಿದ್ದಾಗ ನನಗೆ ಗೊತ್ತಿರಲಿಲ್ಲವಲ್ಲ. ಅತ್ತೆಗೆ ಭ್ರಮೆ ಎನ್ನೋಣ. ಚಿಕ್ಕಣ್ಣನ ಕುರಿಮರಿಗಳಿಗೂ ಭ್ರಮೆಯೇ? ರೈಲ್ವೆ ಹಳಿ ಕಡೆಯಿಂದ ಬಂದ ಸದ್ದಿರಬೇಕು ಎಂದು ಮಗಳು ಹೇಳಿದಳು. ರೈಲಿನ ಸದ್ದಿಗೂ ಕಾರಿನ ಹಾರನ್ನಿಗೂ ವ್ಯತ್ಯಾಸ ತಿಳಿಯದವರು ಹಳಿಯ ಪಕ್ಕದ ಊರಿನಲ್ಲಿ ಇರುತ್ತಾರೆಯೇ? ಹೀಗೆ ಒಂದು ಗಂಟು ಬಿಚ್ಚಿದರೆ ಇನ್ನೊಂದು ಬೀಳುತ್ತದೆ. ನಾನು ಬಿಚ್ಚುವುದನ್ನು ಬಿಟ್ಟಿದ್ದೇನೆ.

ಮಂಜ ಪೂಜೆ ಮಾಡಿಸಿ ಮುಳ್ಳನ್ನೆಲ್ಲ ಸುಟ್ಟುಹಾಕಿದ್ದಾನೆ. ಕಾರು ಅಲ್ಲೇ ಇದೆ. ಅದರ ಬಾಗಿಲುಗಳು ಈಗಲೂ ಒಳಗಿನಿಂದ ತೆಗೆದುಕೊಳ್ಳುವುದಿಲ್ಲ. ನಾನು ಹೋದಾಗಲೆಲ್ಲ ಅತ್ತೆ ನನ್ನ ಕೈ ಹಿಡಿದುಕೊಂಡು ಅದೊಂದನ್ನೇ ಕೇಳುತ್ತಾರೆ. ‘ಒಳಗೆ ಕುಂತಿದ್ಯಲ್ಲ, ನಿಂಗೇನಾದ್ರೂ ಗೊತ್ತಾತಾ?’ ಏನೂ ಇಲ್ಲ ಅತ್ತೆ, ಸೆಕೆ ಅಷ್ಟೇ, ಎನ್ನುತ್ತೇನೆ. ಪಕ್ಕದಲ್ಲಿ ಯಾರಿಗೋ ಜಾಗ ಬಿಟ್ಟು ಕೂತಿದ್ದೆ ಎಂಬ ಮಾತು ಬಾಯಿಯವರೆಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ಹೇಳಿದರೆ ಅತ್ತೆ ಹೋಗಿ ಅಲ್ಲಿ ಕೂತು ಬಾಗಿಲು ಎಳೆದುಕೊಳ್ಳುತ್ತಾರೆ. ಕೂತರೆ, ಬಾಗಿಲು ತೆಗೆಯಿರಿ ಎಂದು ಯಾರನ್ನೂ ಕೂಗುವುದಿಲ್ಲ.